ದೀರ್ಘವಿಲ್ಲದ ನಂಗು

ನನ್ನ ಹೆಂಡತಿ ಬೇಗ ಬನ್ನಿ ಎಂದು ಕಾಗದ ಬರೆದಿದ್ದಳು. ನಾನು ನಾಲ್ಕು ದಿನ ತಡ ಮಾಡಿ ಹೊರಟೆ. ಆ ನಾಲ್ಕು ದಿನ ನಾನು ಮೀನು ಒಣಗಿಸುತ್ತಿದ್ದೆ. ಊರು ಮುಟ್ಟುವಷ್ಟರಲ್ಲಿ ಅವಳು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿ, ಕೊನೆಗೆ ಓದುವವರ ಬಾಯಲ್ಲಿ ಅಯ್ಯೋ ಅನ್ನಿಸುವ ಚಪಲ ನನಗಿಲ್ಲ. ಹೇಳಬೇಕಾದದ್ದು ಯಾಕೆ ತಡ ಮಾಡಿದೆ ಎನ್ನುವುದನ್ನು. ಅದು ನನ್ನ ತಾಯಿಗೆ ಗೊತ್ತಿತ್ತು, ಇನ್ಯಾರಿಗೂ ಗೊತ್ತಿಲ್ಲ. ಮಗಳಿಗೂ ಹೇಳಿಲ್ಲ.

ನಮ್ಮೂರು ದೊಡ್ಡಬಳ್ಳಾಪುರದ ಕಡೆಯ ಮಧುರೆಯಿಂದ ಅರ್ಧ ಗಂಟೆಯ ನಡಿಗೆ. ಹೊಲದಲ್ಲಿ ರಾಗಿ, ಹುರುಳಿ. ಕೆರೆ ತುಂಬಿದ ವರ್ಷ ಕೆಳಗಿನ ಗದ್ದೆಯಲ್ಲಿ ಭತ್ತ. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಮುಗಿಸಿದ ನನಗೆ ಯುದ್ಧದ ಕಾಲದಲ್ಲಿ ಸಿಕ್ಕಿದ್ದು ಪಡುವಣ ಕರಾವಳಿಯಲ್ಲಿ ಮೀನು ಅಳೆಯುವ ಕೆಲಸ. ಅಕ್ಕಿ ಸಾಲದ ದಿನಗಳು. ಜನ ತಿನ್ನುವುದಕ್ಕೆ ಇನ್ನೇನಿದೆ ಎಂದು ಸರ್ಕಾರ ಕಡಲ ಕಡೆಗೂ ನೋಡತೊಡಗಿತ್ತು. ನನ್ನ ಕೈಬರಹ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಸಾಹೇಬರು ನನ್ನನ್ನು ಇಟ್ಟುಕೊಂಡರು. ಮೀನಿನ ವಿಷಯ ನನಗೆ ಏನೇನೂ ಗೊತ್ತಿರಲಿಲ್ಲ. ಅದೇ ಒಳ್ಳೆಯದು, ಗೊತ್ತಿದ್ದವರು ಕಂಡದ್ದನ್ನು ಬಿಟ್ಟು ತಿಳಿದದ್ದನ್ನು ಬರೆಯುತ್ತಾರೆ ಎಂದರು ಸಾಹೇಬರು.

ಅಳೆಯಬೇಕಾಗಿದ್ದದ್ದು ನಂಗು ಎಂಬ ಮೀನಿನ ಮರಿಗಳನ್ನು. ನಂಗು ಚಪ್ಪಟೆ ಮೀನು. ತಳದಲ್ಲಿ ಮಲಗಿಯೇ ಬದುಕುತ್ತದೆ. ಎರಡು ಕಣ್ಣೂ ಒಂದೇ ಮಗ್ಗುಲಲ್ಲಿ. ಹುಟ್ಟಿದಾಗ ಹಾಗಿರುವುದಿಲ್ಲ, ಎಲ್ಲ ಮೀನುಗಳ ಹಾಗೆ ಆ ಕಡೆ ಒಂದು ಈ ಕಡೆ ಒಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತಿರುತ್ತದೆ. ಸ್ವಲ್ಪ ದಿನಕ್ಕೆ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬರುತ್ತದೆ. ಆಮೇಲೆ ಮರಿ ತಳಕ್ಕಿಳಿದು ಮಲಗುತ್ತದೆ. ಎಲ್ಲಿ ಮಲಗುತ್ತದೆ ಎನ್ನುವುದು ಅದರ ಕೈಯಲ್ಲಿಲ್ಲ, ನೀರು ಎಲ್ಲಿಗೆ ತಂದು ಹಾಕಿತೋ ಅಲ್ಲಿ. ಕೆಲವು ಹೊಳೆ ಬಂದು ಕಡಲು ಸೇರುವ ಅಳಿವೆಯ ಕೆಸರಿಗೆ ಬೀಳುತ್ತವೆ, ಕೆಲವು ಅಲೆ ಬಡಿಯುವ ಬರಿ ಮರಳಿಗೆ. ಕೆಸರಿನವು ಬೇಗ ಬೆಳೆಯುತ್ತವೆ, ಮರಳಿನವು ಹಿಂದೆ ಬೀಳುತ್ತವೆ ಎಂದು ಸಾಹೇಬರ ಅನುಮಾನ. ಹೌದೋ ಅಲ್ಲವೋ, ಹೌದಾದರೆ ಅದು ಕೆಸರಿನಲ್ಲಿರುವ ಹುಳುವಿನಿಂದಲೋ, ಬೆಚ್ಚಗಿನ ನೀರಿನಿಂದಲೋ, ಇದಕ್ಕೆ ನಮ್ಮ ಕೆಲಸ.

ಮೀನು ಚಪ್ಪಟೆಯಾಗಿದ್ದುದರಿಂದ ಅಳತೆ ಸುಲಭ. ಚೌಕಳಿ ಕಾಗದದ ಮೇಲೆ ಮರಿಯನ್ನು ಮಲಗಿಸಿ ಸುತ್ತಲೂ ಪೆನ್ಸಿಲು ಎಳೆಯುವುದು, ಪಕ್ಕದಲ್ಲಿ ಕೆಸರು ಅಥವಾ ಮರಳು ಎಂದು ಬರೆಯುವುದು. ದಿನವೆಲ್ಲ ಅದೇ. ಅಂಚು ತಪ್ಪಿದರೆ ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಸರಿಮಾಡಿ ವಾಪಸು ಎಸೆಯುತ್ತಿದ್ದರು. ನನಗೂ ಒಂದು ಕೆಂಪು ಪೆನ್ಸಿಲು ಸಿಕ್ಕಿತು. ಅದರಿಂದ ನಾನು ಮೀನಿನ ಚಿತ್ರವನ್ನಷ್ಟೇ ತಿದ್ದಲಿಲ್ಲ.

ಹೆಂಡತಿಗೆ ಅಕ್ಷರ ಕಲಿಸಿದ್ದು ನಾನೇ, ಮದುವೆಯಾದ ವರ್ಷ. ಕಲಿತಳು, ಆದರೆ ದೀರ್ಘ ಹಾಕುತ್ತಿರಲಿಲ್ಲ. ಊಟ ಅವಳ ಕೈಯಲ್ಲಿ ಉಟವಾಗುತ್ತಿತ್ತು, ಬೇಗ ಬೆಗವಾಗುತ್ತಿತ್ತು. ‘ಬಾಯಲ್ಲಿ ನೆಟ್ಟಗೆ ಎಳೀತೀಯ, ಬರೆಯೋವಾಗ ಏನು ರೋಗ?’ ಎಂದು ಗದರುತ್ತಿದ್ದೆ. ‘ಓದೋರು ನೀವು ತಾನೆ, ನೀವೇ ಎಳ್ಕೊಳಿ’ ಎನ್ನುತ್ತಿದ್ದಳು. ನಾನು ಅಷ್ಟಕ್ಕೆ ಬಿಡುವವನಲ್ಲ. ಅವಳು ಕರಾವಳಿಗೆ ಬರೆದ ಒಂದೊಂದು ಕಾಗದವನ್ನೂ ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಇಟ್ಟುಕೊಂಡು, ರಜೆಗೆ ಬಂದಾಗ ಮುಂದೆ ಹರಡುತ್ತಿದ್ದೆ. ಕುರಿಗೆ ಹಚ್ಚಿದ ಗುರುತಿನ ಹಾಗೆ ಕಾಗದವೆಲ್ಲ ಕೆಂಪು. ಅವಳು ನೋಡಿ ನಗುತ್ತಿದ್ದಳು. ಮುಂದಿನ ಕಾಗದದಲ್ಲಿ ಮತ್ತೆ ಅದೇ ತಪ್ಪು.

ಒಂದು ರಜೆಯಲ್ಲಿ ಒಂದು ಒಣ ನಂಗುವನ್ನು ತೋರಿಸುವುದಕ್ಕೆಂದೇ ತಂದೆ. ನನ್ನ ತಾಯಿ ಅದನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಒಂದು ಮಗ್ಗುಲಲ್ಲಿ ಕಣ್ಣು, ಬಣ್ಣ ಎಲ್ಲ ಇದೆ. ಇನ್ನೊಂದು ಮಗ್ಗುಲು ಬೆಳ್ಳಗೆ ಬೋಳು.

‘ಇನ್ನರ್ಧ ಎಲ್ಲೋ?’

‘ಇದೇ ಪೂರ್ತಿ ಮೀನಮ್ಮಾ.’

‘ಹೋಗೋ, ಸೀಳ್ಬುಟ್ಟು ಅರ್ಧ ಕೊಟ್ಟವ್ರೆ. ಓದ್ದೋನು ಅಂತ ನಿಂಗೆ ಚೆನ್ನಾಗಿ ಟೋಪಿ ಹಾಕವ್ರೆ ಕಣೋ.’

ಎಷ್ಟು ಹೇಳಿದರೂ ನಂಬಲಿಲ್ಲ. ಕೆಸರು, ಮರಳು ಎಂದು ನಮ್ಮ ಕೆಲಸವನ್ನು ವಿವರಿಸಿದಾಗ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಅಪ್ಪ ತಲೆಯೆತ್ತಿದರು. ‘ಗೊಬ್ಬರ ಇರೋ ಕಡೆ ಪೈರು ಏಳ್ತದೆ, ಇಲ್ದಿದ್ ಕಡೆ ಏಳಲ್ಲ. ಇದ್ನ ತಿಳ್ಕೊಳ್ಳಾಕೆ ಸರ್ಕಾರ ಸಂಬ್ಳ ಬೇರೆ ಕೊಡ್ತದಾ?’ ಎಂದರು.

ಹೆಂಡತಿ ಮಾತ್ರ ಮೀನಿನ ಕಣ್ಣನ್ನೇ ನೋಡುತ್ತಿದ್ದಳು. ಮೂರು ವರ್ಷದ ಮಗಳು ಅವಳ ಸೊಂಟದ ಮೇಲಿದ್ದಳು. ‘ಇದರ ಹೆಸರೇನಂದ್ರಿ?’ ಎಂದು ಕೇಳಿದಳು. ನಂಗು ಎಂದೆ. ಅಲ್ಲಿಯವರು ಜ್ವರ ಬಿಟ್ಟ ಮಕ್ಕಳಿಗೆ, ಬಾಣಂತಿಯರಿಗೆ ಇದರದೇ ತಿಳಿ ಸಾರು ಕೊಡುತ್ತಾರೆ, ಮೆತ್ತಗಿರುತ್ತದೆ, ಮುಳ್ಳು ಕಡಿಮೆ ಎಂದೂ ಹೇಳಿದೆ. ಅವಳಿಗೆ ಹೆಸರು ಕೇಳಿಯೇ ನಗು ಬಂದಿತ್ತು. ‘ಮೀನು ಮೀನು ಅಂತ ಊರೋರಿಗೆಲ್ಲ ಹೇಳ್ತೀರಲ್ಲ, ನಂಗೂ ತನ್ನಿ ಒಂದಿನ. ನಂಗೂ ನಂಗು!’ ಎಂದಳು. ಮಗಳು ಅದನ್ನೇ ಹಿಡಿದುಕೊಂಡು ನಂಗೂ ನಂಗು, ನಂಗೂ ನಂಗು ಎಂದು ಮನೆಯೆಲ್ಲ ಕುಣಿದಳು. ಆ ಹತ್ತು ದಿನ ನಮ್ಮ ಮನೆಯಲ್ಲಿ ಏನು ಬಡಿಸಿದರೂ ಅದೇ ಮಾತು. ಮುದ್ದೆ ಬಡಿಸಿದರೂ ನಂಗೂ ನಂಗು, ಮಜ್ಜಿಗೆಗೂ ನಂಗೂ ನಂಗು. ನನಗೂ ಖುಷಿಯಾಗಿತ್ತು. ನನ್ನ ಕೆಲಸದಿಂದ ನಮ್ಮ ಮನೆಗೆ ಬಂದದ್ದೆಂದರೆ ಅದೊಂದು ತಮಾಷೆ.

ಅದಾಗಿ ನಾಲ್ಕೈದು ತಿಂಗಳಿಗೆ ಆ ಕಾಗದ ಬಂತು.

ಮಧ್ಯಾಹ್ನ ಮರಳಿನ ಮರಿಗಳ ಬೋಗುಣಿ ಮುಂದಿಟ್ಟುಕೊಂಡು ಕೂತಿದ್ದೆ. ಕೈ ಒರೆಸಿಕೊಂಡು ಒಡೆದು ನೋಡಿದೆ. ಮೂರೇ ಸಾಲು. ‘ಮಗುಗೆ ಜರ. ನಂಗು. ಬೆಗ ಬನ್ನಿ.’

ಅವಳ ಕಾಗದಗಳೆಲ್ಲ ಬೆಗ ಬನ್ನಿ ಎಂದೇ ಮುಗಿಯುತ್ತಿದ್ದವು. ಹುಣಸೆ ಹಣ್ಣು ಬಡಿದ ಸುದ್ದಿಯ ಕೆಳಗೂ ಬೆಗ ಬನ್ನಿ. ಮಗುವಿಗೆ ಜ್ವರ ಬರುವುದೂ ಹೊಸದಲ್ಲ. ನಡುವಿನ ಸಾಲು ನೋಡಿ ನಕ್ಕೆ. ಮಗುವಿಗೆ ಬಂದ ಜ್ವರ ಬಿಟ್ಟಿದೆ, ನಾನು ಹೇಳಿದ್ದ ಸಾರು ನೆನಪಾಗಿದೆ, ನಂಗು ತನ್ನಿ ಎಂದಿದ್ದಾಳೆ ಎಂದುಕೊಂಡೆ. ಅಭ್ಯಾಸಬಲ, ಕೆಂಪು ಪೆನ್ಸಿಲು ಕೈಯಲ್ಲೇ ಇತ್ತು. ಜರಕ್ಕೆ ಒತ್ತು ಕೊಟ್ಟೆ. ಬೆಗಕ್ಕೆ ದೀರ್ಘ ಕೊಟ್ಟೆ. ಮಗುಗೆ ಎನ್ನುವುದನ್ನು ಮಗುವಿಗೆ ಎಂದು ಮಾಡಿದೆ. ನಂಗುವನ್ನು ಮುಟ್ಟಲಿಲ್ಲ. ಮೀನಿನ ಹೆಸರನ್ನು ಸರಿಯಾಗಿ ಬರೆದಿದ್ದಾಳಲ್ಲ, ಪರವಾಗಿಲ್ಲ ಎಂದುಕೊಂಡೆ. ಈ ಯೋಚನೆ ಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮರೆಯುವುದಕ್ಕೆ ನೋಡಿದ್ದೇನೆ, ಆಗಿಲ್ಲ.

ಹಸಿ ಮೀನು ನಮ್ಮೂರು ಮುಟ್ಟುವುದರೊಳಗೆ ಕೊಳೆಯುತ್ತದೆ. ಒಣಗಿದ್ದನ್ನು ಅಂಗಡಿಯಲ್ಲಿ ಕೊಳ್ಳಬಹುದಿತ್ತು. ಆದರೆ ಅದರಲ್ಲಿ ಮರಳು ಸೇರಿರುತ್ತದೆ, ಜ್ವರದ ಮಗುವಿಗೆ ಬೇಡ ಎನ್ನಿಸಿತು. ಬಲೆಯವರಿಂದ ಅಳಿವೆಯ ಕೆಸರಿನಲ್ಲಿ ಬೆಳೆದ ಒಳ್ಳೆಯ ದಪ್ಪ ನಂಗುಗಳನ್ನೇ ಆರಿಸಿ ತಂದೆ. ಮರಳಿನ ಕಡೆಯವು ಸಪ್ಪೆ ಎಂದು ಬೇಡವೆಂದೆ. ಉಪ್ಪು ಹಚ್ಚಿ ಚಾಪೆಯ ಮೇಲೆ ಹರಡಿದೆ. ಮೊದಲ ದಿನ ಮೋಡವಿತ್ತು. ಇಲ್ಲದಿದ್ದರೆ ಮೂರೇ ದಿನಕ್ಕೆ ಆಗುತ್ತಿತ್ತು. ಕಾಗೆ ಬಾರದ ಹಾಗೆ ಪಕ್ಕದಲ್ಲೇ ಕೂತು ಕೆಲಸ ಮಾಡಿದೆ. ಸಾಹೇಬರು ಒಮ್ಮೆ ನೋಡಿ, ಮನೆಗಾ ಎಂದು ಕೇಳಿದರು. ಹೌದು ಸಾರ್, ಹೆಂಡತಿ ಕೇಳಿದ್ದಾಳೆ ಎಂದೆ.

ಐದನೆಯ ದಿನ ಬೆಳಿಗ್ಗೆ ಹೊರಟೆ. ಎರಡು ಕಡೆ ರೈಲು ಬದಲಾಯಿಸಿ ಬೆಂಗಳೂರು, ಅಲ್ಲಿಂದ ದೊಡ್ಡಬಳ್ಳಾಪುರ, ಅಲ್ಲಿಂದ ಇದ್ದಿಲಿನಲ್ಲಿ ಓಡುವ ಬಸ್ಸು. ಏರು ಬಂದಾಗ ಬಸ್ಸು ನಿಂತುಹೋಯಿತು, ಇಳಿದು ತಳ್ಳಿದೆವು. ಮಡಿಲಲ್ಲಿದ್ದ ಒಣ ಮೀನಿನ ಗಂಟಿನ ವಾಸನೆಗೆ ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಗಂಟನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡೆ.

ಮನೆಯ ಮುಂದೆ ಚಪ್ಪರದ ನೆರಳಿನಲ್ಲಿ ಜನ ಕೂತಿದ್ದರು. ಅಪ್ಪ ಎದ್ದು ಬಂದು ನನ್ನ ಭುಜ ಹಿಡಿದುಕೊಂಡರು. ‘ಮೊನ್ನೆ ಹೋಗ್ಬುಟ್ಲು ಕಣಪ್ಪಾ. ಕಾಯೋಕಾಗ್ಲಿಲ್ಲ, ಮಣ್ ಮಾಡ್ಬುಟ್ವಿ’ ಎಂದರು. ಇವತ್ತು ಹಾಲುತುಪ್ಪ ಎಂದರು. ನಾನು ‘ಮಗು?’ ಎಂದೆ. ಒಳಗೆ ಮಲಗಿದೆ, ಜ್ವರ ಬಿಟ್ಟಿದೆ ಎಂದರು. ಸರಿ ಎಂದೆ. ನಾನು ಅಂದ ಮಾತು ಅದೇ, ಸರಿ. ಕಾಲು ತೊಳೆದುಕೊಂಡೆ. ಯಾರೋ ನೀರು ಕೊಟ್ಟರು, ಕುಡಿದೆ. ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು ಎಂದು ಗೊತ್ತಾಗುತ್ತಿತ್ತು, ಅಷ್ಟೇ.

ವಿಷಮಶೀತ ಜ್ವರ. ಮೊದಲು ಮಗುವಿಗೆ, ಎರಡೇ ದಿನಕ್ಕೆ ಹೆಂಡತಿಗೆ. ದೊಡ್ಡಬಳ್ಳಾಪುರದ ಡಾಕ್ಟರು ಬಂದು ಹೋಗಿದ್ದರಂತೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದರಂತೆ. ಅಲ್ಲಿ ಏನು, ಎತ್ತ, ಯಾರನ್ನು ಕೇಳಬೇಕು ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಮಗ ಬರಲಿ ಎಂದು ಕಾದರಂತೆ. ಒಯ್ದಿದ್ದರೆ ಉಳಿಯುತ್ತಿದ್ದಳೇ? ನನಗೆ ಗೊತ್ತಿಲ್ಲ. ತಡ ಮಾಡದೆ ಬಂದಿದ್ದರೆ ನೋಡುವುದಂತೂ ನೋಡುತ್ತಿದ್ದೆ.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಬಾಳೆ ಎಲೆಯ ಮೇಲೆ ಅನ್ನ, ಬೆಲ್ಲ, ಅವಳು ಇಷ್ಟಪಡುತ್ತಿದ್ದ ಹುರಿದ ಅವರೆಕಾಳು ಇಟ್ಟರು. ‘ಇನ್ನೇನಾದ್ರೂ ಕೇಳಿದ್ಲಾ?’ ಎಂದು ಯಾರೋ ಹಿರಿಯರು ಕೇಳಿದರು. ನಾನು ಗಂಟು ಬಿಚ್ಚಿದೆ. ‘ಇದನ್ನ ಕೇಳಿದ್ಲು’ ಎಂದೆ. ಇವತ್ತು ಮೀನಾ ಎಂದು ಒಬ್ಬರು ರಾಗ ಎಳೆದರು. ಕೇಳಿದ್ದಾಳಂತಲ್ಲ, ಇಡಲಿ ಬಿಡಿ ಎಂದರು ಇನ್ನೊಬ್ಬರು. ಒಂದು ಒಳ್ಳೆಯ ದಪ್ಪ ನಂಗುವನ್ನು ಎಲೆಯ ತುದಿಯಲ್ಲಿಟ್ಟೆ. ಎರಡು ಕಣ್ಣೂ ಮೇಲಾಗಿ ಮಲಗಿತು.

ದೂರ ಸರಿದು ನಿಂತೆವು. ಕಾಗೆ ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿ ಎಂದು ನಂಬಿಕೆ. ಕೆಲವು ಸಲ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಅವತ್ತು ಕಾಯಬೇಕಾಗಲೇ ಇಲ್ಲ. ಕಾಗೆ ನೇರವಾಗಿ ಬಂದು ಅನ್ನ ಮುಟ್ಟಲಿಲ್ಲ, ಅವರೆಕಾಳು ಮುಟ್ಟಲಿಲ್ಲ, ನಂಗು ಕಚ್ಚಿಕೊಂಡು ಹಾರಿತು. ‘ನೋಡ್ದಾ? ಅದರ ಮೇಲೇ ಆಸೆ ಇತ್ತು. ತೀರ್ತು ಬಿಡಪ್ಪಾ’ ಎಂದು ಬೆನ್ನು ತಟ್ಟಿದರು. ನನಗೂ ಹಾಗೆಯೇ ಅನ್ನಿಸಿತು. ತಡವಾದರೂ ತಂದೆನಲ್ಲ ಎಂದುಕೊಂಡೆ.

ಮನೆಗೆ ಬಂದು ಜಗಲಿಯ ಮೇಲೆ ಕೂತಾಗ ತಾಯಿ ಹತ್ತಿರ ಬಂದಳು.

‘ಅವ್ಳು ಮೀನ್ ಕೇಳಿದ್ಲು ಅಂದ್ಯಲ್ಲ. ಯಾವಾಗ ಕೇಳಿದ್ಲು?’

‘ಕಾಗದದಲ್ಲಿ ಬರ್ದಿದ್ಲು.’

‘ಬಾಯಿಗೆ ನೀರೇ ಸೇರ್ತಿರ್ಲಿಲ್ಲ ಕಣೋ ಅವ್ಳಿಗೆ. ಮೀನ್ಯಾಕ್ ಕೇಳ್ತಾಳೆ? ತಂತಿ ಕೊಡ್ಸಾನಾ ಅಂತ ನಿಮ್ಮಪ್ಪ ಕೇಳುದ್ರೆ, ಬ್ಯಾಡ, ನಾನೇ ಎಲ್ಲಾ ಬರ್ದಿವ್ನಿ, ಬಂದೇ ಬರ್ತಾರೆ ಅಂದ್ಲು. ಏನ್ ಬರ್ದಿದ್ಲು? ಓದು ನೋಡಾನ.’

ತಾಯಿಗೆ ಅಕ್ಷರ ಬಾರದು. ಜೇಬಿನಿಂದ ಕಾಗದ ತೆಗೆದು ಬಿಡಿಸಿ ಓದಿದೆ. ಅಲ್ಲಿಯವರೆಗೆ ಅದನ್ನು ಬಾಯಿಬಿಟ್ಟು ಓದಿರಲಿಲ್ಲ.

‘ಮಗುವಿಗೆ ಜ್ವರ. ನಂಗು.’

‘ಮತ್ತೆ?’ ಎಂದಳು ತಾಯಿ. ‘ಮಗೀಗೂ ಜ್ವರ, ನಂಗೂ ಜ್ವರ ಅಂತ ಸರ್ಯಾಗೇ ಬರ್ದವ್ಳಲ್ಲಪ್ಪಾ. ಇದ್ರಾಗೆ ಮೀನೆಲ್ ಬಂತು?’

ನಾನು ಕಾಗದವನ್ನು ನೋಡುತ್ತಾ ಕೂತೆ. ಮೂರು ಸಾಲಿನಲ್ಲಿ ಕೆಂಪು ಗುರುತು ಬೀಳದಿದ್ದದ್ದು ಅದೊಂದಕ್ಕೆ. ಅವಳು ಬರೆದ ಕಾಗದಗಳಲ್ಲೆಲ್ಲ ಎಲ್ಲೆಲ್ಲಿ ದೀರ್ಘ ಬಿಟ್ಟಿದ್ದಳೋ ಹುಡುಕಿ ಹುಡುಕಿ ಹಾಕಿದವನು, ಹಾಕಲೇಬೇಕಾದ ಒಂದು ಕಡೆ ಹಾಕಲಿಲ್ಲ. ತಾಯಿ ನನ್ನ ಮುಖ ನೋಡಿದಳು, ಆಮೇಲೆ ಗಂಟಿನ ಕಡೆ ನೋಡಿದಳು. ಅವಳಿಗೆ ತಿಳಿಯಿತು. ‘ಅಯ್ಯೋ ನನ್ ಕಂದಾ’ ಎಂದಳು. ಅದು ನನಗೆ ಅಂದದ್ದೋ ಅವಳಿಗೆ ಅಂದದ್ದೋ ಕೇಳಲಿಲ್ಲ. ಗಂಟನ್ನು ಎತ್ತಿಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಕೆಲಸಕ್ಕೆ ವಾಪಸು ಹೋದೆ. ಮಗಳನ್ನು ಕರೆದುಕೊಂಡು ಹೋಗುವ ಯೋಚನೆ ಬಂದಿತ್ತು. ಕರಾವಳಿಯ ಒಂಟಿ ಕೋಣೆಯಲ್ಲಿ ಗಂಡಸೊಬ್ಬ ಸಾಕುವುದು ಹೇಗೆ? ಇಲ್ಲೇ ಬೆಳೀಲಿ, ಅಜ್ಜಿ ಇದೆ, ಹಸು ಇದೆ, ಹಾಲಿದೆ ಎಂದರು ಅಪ್ಪ. ಹಾಗೇ ಆಯಿತು. ನಾನು ಕಾಗದದ ಮೇಲೆ ಮರಿ ಮಲಗಿಸಿ ಗೆರೆ ಎಳೆಯುತ್ತಿದ್ದೆ. ಕೆಸರು ಎಂದು ಬರೆದೆ, ಮರಳು ಎಂದು ಬರೆದೆ. ಸಾಹೇಬರ ಅನುಮಾನ ನಿಜವಾಗಿತ್ತು, ಕೆಸರಿನವು ದೊಡ್ಡವಾಗುತ್ತಿದ್ದವು. ಮರಳಿನ ಕೆಲವು ಮರಿಗಳನ್ನು ತಂದು ಕೆಸರಿನ ತೊಟ್ಟಿಗೆ ಬಿಟ್ಟೆವು. ಅವೂ ಮೈ ತುಂಬಿಕೊಂಡವು. ಸಾಹೇಬರಿಗೆ ಬಹಳ ಸಂತೋಷವಾಯಿತು. ನನಗೆ ಸಂತೋಷವೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಗೆರೆ ಮಾತ್ರ ಎಂದೂ ತಪ್ಪಲಿಲ್ಲ. ನನ್ನಷ್ಟು ಚೆನ್ನಾಗಿ ಯಾರೂ ಎಳೆಯುವುದಿಲ್ಲ ಎಂದು ಹೊಗಳುತ್ತಿದ್ದರು. ಕೆಂಪು ಪೆನ್ಸಿಲನ್ನು ಮೇಜಿನ ಖಾನೆಯಲ್ಲಿಟ್ಟಿದ್ದೆ, ತೆಗೆಯಲಿಲ್ಲ.

ರಜೆಗೆ ಬಂದಾಗಲೆಲ್ಲ ಮಗಳ ಪಾದವನ್ನು ಕಾಗದದ ಮೇಲಿಡಿಸಿ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದೆ. ಅವಳಿಗೆ ಕಚಗುಳಿ, ಕಿಲಕಿಲ ನಗುತ್ತಿದ್ದಳು. ಪಾದ ದೊಡ್ಡದಾಗುತ್ತಿತ್ತು. ನಾನಿಲ್ಲದೆಯೂ ಚೆನ್ನಾಗಿಯೇ ಬೆಳೆಯುತ್ತಿದ್ದಳು. ಹೆಂಡತಿ ಸತ್ತ ದಿನದಿಂದ ನಾನು ಅತ್ತಿರಲಿಲ್ಲ. ಕಲ್ಲು ಎಂದು ಊರಿನವರು ಆಡಿಕೊಂಡರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಮಗಳು ಊರಿನ ಸ್ಕೂಲಿಗೆ ಸೇರಿದಳು. ಸ್ವಲ್ಪ ದಿನಕ್ಕೆ ಅವಳ ಕೈಯಿಂದಲೇ ಬರೆದ ಮೊದಲ ಕಾರ್ಡು ಬಂತು. ಅಕ್ಷರ ಒಂದೊಂದು ಹುಣಸೆ ಬೀಜದಷ್ಟು ದಪ್ಪ. ‘ಅಪ್ಪ ಬೆಗ ಬಾ. ನಂಗು.’

ದೀರ್ಘವಿಲ್ಲ.

ಮೀನೋ ಅವಳೋ ಎಂದು ಯೋಚಿಸುತ್ತಾ ಕೂರಲಿಲ್ಲ. ಕಾಗದದ ಮೇಲೆ ಒಂದು ಮರಿ ಅರ್ಧ ಗೆರೆಯಲ್ಲಿ ಮಲಗಿತ್ತು, ಅದನ್ನು ಹಾಗೇ ಬಿಟ್ಟು ಎದ್ದೆ. ರಜೆಯ ಅರ್ಜಿ ಬರೆಯಲಿಲ್ಲ. ಸಾಹೇಬರು ಹಿಂದಿನಿಂದ ಕೂಗಿದ್ದು ಕೇಳಿಸಿತು, ತಿರುಗಲಿಲ್ಲ. ಸಿಕ್ಕಿದ ಬಸ್ಸು, ಸಿಕ್ಕಿದ ರೈಲು. ಊಟ ಮಾಡಿದ ನೆನಪಿಲ್ಲ. ದೊಡ್ಡಬಳ್ಳಾಪುರದಲ್ಲಿ ಇಳಿದಾಗ ಬಸ್ಸು ಹೋಗಿಬಿಟ್ಟಿತ್ತು. ಕಾಯುವುದಕ್ಕಾಗದೆ ಬಿಸಿಲಿನಲ್ಲಿ ನಡೆದೆ. ದಾರಿಯುದ್ದಕ್ಕೂ ಮನೆಯ ಮುಂದೆ ಜನ ಸೇರಿರುವುದೇ ಕಣ್ಣ ಮುಂದೆ.

ಮನೆಯ ಮುಂದೆ ಯಾರೂ ಇರಲಿಲ್ಲ. ಜಗಲಿಯ ಮೇಲೆ ಮಗಳು ಒಬ್ಬಳೇ ಕೂತು ಕಲ್ಲು ಮೇಲೆಸೆದು ಹಿಡಿಯುತ್ತಾ ಅಚ್ಚಿ ಕಲ್ಲಾಡುತ್ತಿದ್ದಳು. ಮೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಹಣೆ ಮುಟ್ಟಿದೆ, ಕತ್ತು ಮುಟ್ಟಿದೆ. ಅವಳು ನನ್ನ ಕೈ ಸರಿಸಿ, ಮೊದಲು ಈ ಕೈ ನೋಡಿದಳು, ಆಮೇಲೆ ಆ ಕೈ.

‘ಎಲ್ಲಿ?’

‘ಏನು?’

‘ನಂಗು ಮೀನು. ಬರ್ದಿದ್ನಲ್ಲ! ಅಮ್ಮಂಗೆ ಜ್ವರ ಬಂದಾಗ ಗಂಟು ತುಂಬ ತಂದ್ಕೊಟ್ಟಿದ್ಯಂತೆ, ಅಜ್ಜಿ ಹೇಳ್ತು. ಅಮ್ಮ ತಿಂತಂತೆ. ನಂಗೂ ಬೇಕು.’

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದೆ. ಅವತ್ತು ಬಾರದಿದ್ದದ್ದು, ಇಷ್ಟು ವರ್ಷವೂ ಬಾರದಿದ್ದದ್ದು ಆಗ ಬಂತು. ತಡೆಯುವುದಕ್ಕೆ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಒಳಗಿನಿಂದ ತಾಯಿ ಏನಾಯ್ತೇ, ಯಾರೇ ಅದು ಎಂದು ಕೂಗುತ್ತಾ ಓಡಿಬಂದಳು.

‘ಅಪ್ಪ ಕಣಜ್ಜಿ’ ಎಂದಳು ಮಗಳು. ‘ಮೀನ್ ತರ್ಲಿಲ್ಲ ಅಂತ ಅಳ್ತಾ ಐತೆ.’